ಹಳೆಯ ಎಂಜಿನಿಗೆ ನಗೆಯನಿಲ

ಬೆಳ್ತಂಗಡಿ ತಾಲ್ಲೂಕಿನ ಅಳದಂಗಡಿಯಲ್ಲಿ ಒಂದು ಮನೆಯ ಅಂಗಳದ ಬದಿಯಲ್ಲಿ ಅಜ್ಜನ ಕಾಲದ ಅಂಬಾಸಿಡರ್ ಕಾರೊಂದು ನಿಂತಿದೆ ಎಂದು ಭಾವಿಸೋಣ. ಅಜ್ಜ ಅದನ್ನು ಜತನದಿಂದ ನೋಡಿಕೊಂಡವರು. ಈಗ ಅದು ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗನ ಕೈಗೆ ಬಂದಿದೆ. ಗುರುವಾಯನಕೆರೆಯವರೆಗೆ, ಅಲ್ಲಿಂದ ಉಜಿರೆಯವರೆಗೆ ಕಾರು ಸೊಗಸಾಗಿ ಸಾಗುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳು ಮೊದಲಾದೊಡನೆ ಅದರ ಉಸಿರು ಕಟ್ಟುತ್ತದೆ. ಮೂರನೆಯ ಗೇರಿನಿಂದ ಎರಡನೆಯದಕ್ಕೆ ಇಳಿಯಬೇಕು. ಹಿಂದಿನಿಂದ ಬಂದ ಹೊಸ ಕಾರುಗಳು ಹಾರನ್ನು ಹಾಕಿ ಮುಂದೆ ಹೋಗುತ್ತವೆ. ಆಗ ಮೊಮ್ಮಗನಿಗೆ ಒಂದು ಯೋಚನೆ ಹೊಳೆಯುತ್ತದೆ: ಪಂದ್ಯದ ಕಾರುಗಳಿಗೆ ಜೋಡಿಸುವಂತೆ ಇದಕ್ಕೂ ನೈಟ್ರಸ್ ಆಕ್ಸೈಡಿನ ಅಂಡೆಯೊಂದನ್ನು ಜೋಡಿಸಿದರೆ ಹೇಗೆ? ಗುಂಡಿಯೊಂದನ್ನು ಒತ್ತಿದರೆ ಸಾಕು, ಮುದಿ ಎಂಜಿನು ಹುರಿಯಾಳಾಗಬಹುದಲ್ಲವೆ?

ಆಗಬಹುದು. ಆದರೆ ಅದೇ ಗುಂಡಿಯನ್ನು ಒತ್ತಿದ ಕೆಲವು ಸೆಕೆಂಡುಗಳಲ್ಲಿ ಅಜ್ಜ ಐವತ್ತು ವರ್ಷ ಕಾಪಾಡಿದ ಎಂಜಿನಿನ ಪಿಸ್ಟನ್ನು ಕರಗಿ ತೂತಾಗಲೂಬಹುದು. ಎರಡರಲ್ಲಿ ಯಾವುದು ಆದೀತೆಂಬುದು ಅದೃಷ್ಟದ ಮಾತಲ್ಲ, ಲೆಕ್ಕದ ಮಾತು. ಪ್ರೌಢಶಾಲೆಯ ರಸಾಯನಶಾಸ್ತ್ರವೂ ಸ್ವಲ್ಪ ಗುಣಾಕಾರ ಭಾಗಾಕಾರವೂ ತಿಳಿದವರು ಆ ಲೆಕ್ಕವನ್ನು ಮಾಡಬಹುದು. ಈ ಪಾಠದಲ್ಲಿ ನಾವು ಅದನ್ನೇ ಮಾಡಿ ನೋಡೋಣ.

ಎಂಜಿನು ತಿನ್ನುವುದೇನು?

ಕಾರು ಪೆಟ್ರೋಲಿನಿಂದ ಓಡುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಇದು ಅರ್ಧ ಸತ್ಯ. ಸೌದೆ ಎಷ್ಟೇ ಇದ್ದರೂ ಗಾಳಿಯಾಡದ ಒಲೆ ಉರಿಯುವುದಿಲ್ಲ. ಒಂದು ಗ್ರಾಮು ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಅದಕ್ಕೆ ಸುಮಾರು ೧೪.೭ ಗ್ರಾಮು ಗಾಳಿ ಬೇಕು. ಪೆಟ್ರೋಲು ದ್ರವ, ಎಷ್ಟು ಬೇಕಾದರೂ ಸುರಿಯಬಹುದು. ಗಾಳಿಯಾದರೋ ಹಗುರವಾದ ಅನಿಲ. ಸಿಲಿಂಡರಿನಲ್ಲಿ ಎಷ್ಟು ಜಾಗವಿದೆಯೋ ಅಷ್ಟೇ ಹಿಡಿಸುತ್ತದೆ. ಆದುದರಿಂದ ಎಂಜಿನಿನ ಶಕ್ತಿಗೆ ಮಿತಿಯನ್ನು ಹಾಕುವುದು ಪೆಟ್ರೋಲಲ್ಲ, ಗಾಳಿ. ಇನ್ನೂ ಸರಿಯಾಗಿ ಹೇಳುವುದಾದರೆ ಗಾಳಿಯಲ್ಲಿರುವ ಆಮ್ಲಜನಕ.

ಘಾಟಿಯಲ್ಲಿ ಕಾರು ಏದುವುದಕ್ಕೆ ಏರು ಒಂದು ಕಾರಣವಾದರೆ ಇದು ಮತ್ತೊಂದು ಕಾರಣ. ಸಮುದ್ರಮಟ್ಟದಿಂದ ಸಾವಿರ ಮೀಟರು ಮೇಲೇರಿದಾಗ ಗಾಳಿಯ ಸಾಂದ್ರತೆ ನೂರಕ್ಕೆ ಸುಮಾರು ಒಂಬತ್ತರಷ್ಟು ಇಳಿಯುತ್ತದೆ. ಸಿಲಿಂಡರಿನ ಗಾತ್ರ ಅಷ್ಟೇ ಇದ್ದರೂ ಅದರೊಳಗೆ ಬರುವ ಆಮ್ಲಜನಕ ಕಡಿಮೆ. ಭಾರ ಹೆಚ್ಚಿದ ಹೊತ್ತಿಗೇ ಉಸಿರು ಕಡಿಮೆಯಾಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಬಂದ ಸಂಕಟವೂ ಇದೇ ಬಗೆಯದು. ಬಹಳ ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನುಗಳು ಸೋಲುತ್ತಿದ್ದುವು. ಜರ್ಮನ್ ಎಂಜಿನಿಯರರು ನೈಟ್ರಸ್ ಆಕ್ಸೈಡನ್ನು ಎಂಜಿನಿಗೆ ಊಡಿಸುವ ‘ಜಿಎಂ-೧’ ಎಂಬ ಏರ್ಪಾಡನ್ನು ತಮ್ಮ ಕೆಲವು ಯುದ್ಧವಿಮಾನಗಳಿಗೆ ಅಳವಡಿಸಿದರು. ಬ್ರಿಟಿಷರೂ ತಮ್ಮ ಕೆಲವು ಮಾಸ್ಕಿಟೊ ವಿಮಾನಗಳಲ್ಲಿ ಇದೇ ಉಪಾಯವನ್ನು ಬಳಸಿದರು. ಯುದ್ಧದ ತರುವಾಯ ಇದು ಮೋಟಾರು ಪಂದ್ಯಗಳಿಗೆ ಇಳಿದು ಬಂದಿತು.

ಅನಿಲದ ಪರಿಚಯ

ನೈಟ್ರಸ್ ಆಕ್ಸೈಡನ್ನು ೧೭೭೨ರಲ್ಲಿ ಮೊದಲು ತಯಾರಿಸಿದವನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. ಹಂಫ್ರಿ ಡೇವಿಯು ಅದನ್ನು ತಾನೇ ಸೇದಿ ಪರೀಕ್ಷಿಸಿ ೧೮೦೦ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಸೇದಿದವರಿಗೆ ಅಮಲು ಏರಿ ನಗು ಬರುತ್ತಿದ್ದುದರಿಂದ ಅದಕ್ಕೆ ‘ನಗೆಯನಿಲ’ವೆಂಬ ಹೆಸರು ಬಂತು. ೧೮೪೪ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಹಲ್ಲು ಕೀಳುವಾಗ ನೋವು ತಿಳಿಯದಂತೆ ಅದನ್ನು ಬಳಸಿದನು. ಇಂದಿಗೂ ಅದು ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ಒದಗುತ್ತಿದೆ.

ಇದರ ಒಂದು ಅಣುವಿನಲ್ಲಿ ಸಾರಜನಕದ ಎರಡು ಪರಮಾಣುಗಳೂ ಆಮ್ಲಜನಕದ ಒಂದು ಪರಮಾಣುವೂ ಇವೆ. ಸಾರಜನಕದ ಪರಮಾಣುತೂಕ ೧೪, ಆಮ್ಲಜನಕದ್ದು ೧೬. ಆದ್ದರಿಂದ ಅಣುತೂಕ ೪೪. ಅದರಲ್ಲಿ ಆಮ್ಲಜನಕದ ಪಾಲು ೧೬, ಅಂದರೆ ನೂರಕ್ಕೆ ೩೬.೪. ಗಾಳಿಯಲ್ಲಿ ತೂಕದ ಲೆಕ್ಕದಲ್ಲಿ ಆಮ್ಲಜನಕವಿರುವುದು ನೂರಕ್ಕೆ ಸುಮಾರು ೨೩ ಮಾತ್ರ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತಿದ್ದಿಕೊಳ್ಳಬೇಕು. ನೈಟ್ರಸ್ ಆಕ್ಸೈಡು ಉರಿಯುವ ವಸ್ತುವಲ್ಲ, ಉರಿಸುವ ವಸ್ತು. ಪೆಟ್ರೋಲಿಲ್ಲದೆ ಅದಕ್ಕೆ ಎಂಜಿನಿನಲ್ಲಿ ಕೆಲಸವಿಲ್ಲ. ಸಿಲಿಂಡರಿನೊಳಗೆ ಉಷ್ಣತೆಯು ಸುಮಾರು ೬೦೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರಿದಾಗ ಅದರ ಅಣು ಒಡೆಯುತ್ತದೆ. ಆಗ ಮೂರು ಸಂಗತಿಗಳು ನಡೆಯುತ್ತವೆ. ಮೊದಲನೆಯದಾಗಿ, ಆಮ್ಲಜನಕ ಬಿಡುಗಡೆಯಾಗಿ ಹೆಚ್ಚಿನ ಪೆಟ್ರೋಲನ್ನು ಉರಿಸುತ್ತದೆ. ಎರಡನೆಯದಾಗಿ, ಅಣು ಒಡೆಯುವಾಗಲೇ ಒಂದಿಷ್ಟು ಶಾಖ ಹೊರಬರುತ್ತದೆ. ಮೂರನೆಯದಾಗಿ, ಉಳಿದ ಸಾರಜನಕವು ಉರಿಯ ರಭಸವನ್ನು ತಗ್ಗಿಸುತ್ತದೆ. ಶುದ್ಧ ಆಮ್ಲಜನಕವನ್ನೇ ಊಡಿಸಿದರೆ ಎಂಜಿನು ಉಳಿಯದು. ಸಾರಜನಕದ ಜೊತೆಯಿರುವುದರಿಂದಲೇ ಈ ಅನಿಲ ಬಳಕೆಗೆ ಬಂದದ್ದು.

ಇದಲ್ಲದೆ ಇನ್ನೊಂದು ಅನುಕೂಲವಿದೆ. ಅಂಡೆಯೊಳಗೆ ಒತ್ತಡದಲ್ಲಿ ದ್ರವವಾಗಿರುವ ಇದು ಹೊರಬಂದೊಡನೆ ಆವಿಯಾಗುತ್ತದೆ. ಸಾಮಾನ್ಯ ವಾಯುಭಾರದಲ್ಲಿ ಇದರ ಕುದಿಬಿಂದು ಸೊನ್ನೆಗಿಂತ ೮೮ ಡಿಗ್ರಿ ಕೆಳಗೆ. ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖವನ್ನು ಹೀರಿ ಅದನ್ನು ತಂಪುಮಾಡುತ್ತದೆ. ತಂಪಾದ ಗಾಳಿ ಸಾಂದ್ರವಾದ್ದರಿಂದ ಸಿಲಿಂಡರಿನಲ್ಲಿ ಹೆಚ್ಚು ಹಿಡಿಸುತ್ತದೆ.

ಆಮ್ಲಜನಕದ ಲೆಕ್ಕ

ಈಗ ಅಜ್ಜನ ಕಾರಿಗೆ ಬರೋಣ. ಅಂಬಾಸಿಡರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯಿಂದ ಬಂದದ್ದು. ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆಯು ಅದನ್ನು ತಯಾರಿಸುತ್ತಿತ್ತು; ೨೦೧೪ರಲ್ಲಿ ತಯಾರಿಕೆ ನಿಂತಿತು. ಬಹುಕಾಲ ಅದರಲ್ಲಿದ್ದ ಪೆಟ್ರೋಲ್ ಎಂಜಿನಿಗೆ ನಾಲ್ಕು ಸಿಲಿಂಡರುಗಳು. ಒಂದೊಂದರ ವ್ಯಾಸ ೭೩ ಮಿಲಿಮೀಟರು, ಪಿಸ್ಟನ್ನಿನ ಓಟ ೮೮.೯ ಮಿಲಿಮೀಟರು, ಒಟ್ಟು ಗಾತ್ರ ೧೪೮೯ ಘನ ಸೆಂಟಿಮೀಟರು. ನಿಮಿಷಕ್ಕೆ ೪೨೦೦ ಸುತ್ತಿನಲ್ಲಿ ಅದರ ಶಕ್ತಿ ಸುಮಾರು ೫೦ ಅಶ್ವಶಕ್ತಿ.

ನಾಲ್ಕು ಹೊಡೆತದ ಎಂಜಿನು ಎರಡು ಸುತ್ತಿಗೊಮ್ಮೆ ತನ್ನ ಪೂರ್ಣ ಗಾತ್ರದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ೪೨೦೦ ಸುತ್ತಿನಲ್ಲಿ ಹೀಗೆ ೨೧೦೦ ಸಲ. ೨೧೦೦ನ್ನು ೧.೪೮೯ ಲೀಟರಿನಿಂದ ಗುಣಿಸಿದರೆ ನಿಮಿಷಕ್ಕೆ ೩೧೨೭ ಲೀಟರು. ಆದರೆ ಕಿರಿದಾದ ದಾರಿಗಳಲ್ಲಿ ನುಗ್ಗಬೇಕಾದ ಗಾಳಿಯು ಸಿಲಿಂಡರನ್ನು ಪೂರ್ತಿಯಾಗಿ ತುಂಬಲಾರದು. ನೂರಕ್ಕೆ ೭೫ರಷ್ಟು ತುಂಬಿತೆಂದು ಹಿಡಿದರೆ ಸೆಕೆಂಡಿಗೆ ೩೯ ಲೀಟರು. ೩೦ ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರು ಗಾಳಿಯ ತೂಕ ಸುಮಾರು ೧.೧೬ ಗ್ರಾಮು. ಆದ್ದರಿಂದ ಎಂಜಿನು ಸೆಕೆಂಡಿಗೆ ಸೇದುವ ಗಾಳಿ ೪೫ ಗ್ರಾಮು. ಅದರಲ್ಲಿನ ಆಮ್ಲಜನಕ ಸುಮಾರು ೧೦.೪ ಗ್ರಾಮು. ಇದರಿಂದ ೫೦ ಅಶ್ವಶಕ್ತಿ ಬರುವುದಾದರೆ ಒಂದು ಅಶ್ವಶಕ್ತಿಗೆ ಸೆಕೆಂಡಿಗೆ ೦.೨೧ ಗ್ರಾಮು ಆಮ್ಲಜನಕ ಬೇಕೆಂದಾಯಿತು.

ಮೊಮ್ಮಗನು ೧೦ ಅಶ್ವಶಕ್ತಿಯನ್ನು ಹೆಚ್ಚಾಗಿ ಬಯಸುತ್ತಾನೆ ಎನ್ನೋಣ. ಅದಕ್ಕೆ ಬೇಕಾದ ಆಮ್ಲಜನಕ ಸೆಕೆಂಡಿಗೆ ೨.೧ ಗ್ರಾಮು. ಅಷ್ಟು ಆಮ್ಲಜನಕವಿರುವುದು ೫.೮ ಗ್ರಾಮು ನೈಟ್ರಸ್ ಆಕ್ಸೈಡಿನಲ್ಲಿ. ಆದರೆ ಅಣು ಒಡೆಯುವಾಗ ಬರುವ ಶಾಖವನ್ನು ನಾವು ಮರೆಯಬಾರದು. ಪೆಟ್ರೋಲಿನ ಉರಿಯಿಂದ ಐದು ಪಾಲು ಶಾಖ ಬಂದರೆ, ಅದಕ್ಕೆ ಬೇಕಾದ ನೈಟ್ರಸ್ ಆಕ್ಸೈಡು ಒಡೆಯುವುದರಿಂದ ಇನ್ನೆರಡು ಪಾಲು ಬರುತ್ತದೆ. ಆದ್ದರಿಂದ ೫.೮ ಗ್ರಾಮಿನ ಬದಲು ೪ ಗ್ರಾಮಿಗೆ ತುಸು ಹೆಚ್ಚಾದರೆ ಸಾಕು. ಪಂದ್ಯದ ಕಾರುಗಳನ್ನು ಸಿದ್ಧಪಡಿಸುವವರು ನೂರು ಅಶ್ವಶಕ್ತಿಗೆ ಸೆಕೆಂಡಿಗೆ ೪೫ ಗ್ರಾಮು ಎಂದು ರೂಢಿಯಲ್ಲಿ ಹಿಡಿಯುತ್ತಾರೆ, ಹತ್ತಕ್ಕೆ ೪.೫ ಗ್ರಾಮು. ನಮ್ಮ ಲೆಕ್ಕವೂ ಅವರ ರೂಢಿಯೂ ಹತ್ತಿರ ಹತ್ತಿರ ಬರುತ್ತವೆ.

ಇನ್ನು ಪೆಟ್ರೋಲು. ಒಂದು ಅಣು ಆಕ್ಟೇನು ಪೂರ್ತಿ ಉರಿಯಲು ಇಪ್ಪತ್ತೈದು ಅಣು ನೈಟ್ರಸ್ ಆಕ್ಸೈಡು ಬೇಕು. ತೂಕದಲ್ಲಿ ೧೧೪ಕ್ಕೆ ೧೧೦೦, ಅಂದರೆ ೯.೬ ಗ್ರಾಮು ಅನಿಲಕ್ಕೆ ಒಂದು ಗ್ರಾಮು ಪೆಟ್ರೋಲು. ಎಂಜಿನಿನ ಕ್ಷೇಮಕ್ಕಾಗಿ ಪೆಟ್ರೋಲನ್ನು ತುಸು ಹೆಚ್ಚಾಗಿಯೇ ಕೊಡಬೇಕು. ಆದ್ದರಿಂದ ೪.೫ ಗ್ರಾಮು ಅನಿಲದೊಡನೆ ಸೆಕೆಂಡಿಗೆ ಅರ್ಧ ಗ್ರಾಮಿಗೆ ಕಡಿಮೆಯಿಲ್ಲದಷ್ಟು ಪೆಟ್ರೋಲು ಹೋಗಲೇಬೇಕು. ಈ ಅರ್ಧ ಗ್ರಾಮೇ ಇಡೀ ವಿಷಯದ ಕೀಲಿಕೈ.

ಲೋಹವು ಎಷ್ಟು ಸಹಿಸೀತು?

ಆ ಅರ್ಧ ಗ್ರಾಮು ಪೆಟ್ರೋಲು ಬರಲಿಲ್ಲವೆಂದು ಊಹಿಸಿ. ಜೆಟ್ಟಿಗೆ ಕಸ ಸಿಕ್ಕಿರಬಹುದು, ಪಂಪು ಸೋತಿರಬಹುದು. ಆಗ ಸಿಲಿಂಡರಿನಲ್ಲಿ ಆಮ್ಲಜನಕ ಹೆಚ್ಚು, ಇಂಧನ ಕಡಿಮೆ. ಪಿಸ್ಟನ್ನು ಅಲ್ಯುಮಿನಿಯಮ್ಮಿನ ಮಿಶ್ರಲೋಹದ್ದು. ಶುದ್ಧ ಅಲ್ಯುಮಿನಿಯಮ್ಮು ೬೬೦ ಡಿಗ್ರಿಯಲ್ಲಿ ಕರಗುತ್ತದೆ, ಪಿಸ್ಟನ್ನಿನ ಮಿಶ್ರಲೋಹ ಅದಕ್ಕೂ ಮೊದಲೇ. ಸಿಲಿಂಡರಿನೊಳಗಿನ ಜ್ವಾಲೆಯಾದರೋ ಎರಡು ಸಾವಿರ ಡಿಗ್ರಿಗೂ ಮಿಕ್ಕದ್ದು. ಇಷ್ಟಾದರೂ ದಿನವೂ ಪಿಸ್ಟನ್ನು ಕರಗದಿರುವುದೇಕೆ? ಉರಿ ಕ್ಷಣಿಕವಾದದ್ದು, ಲೋಹದ ಮೈಗೆ ಅಂಟಿದಂತೆ ಇರುವ ಅನಿಲದ ತೆಳುಪದರವೊಂದು ಉರಿಯನ್ನು ದೂರವಿಡುತ್ತದೆ, ಒಳಹೊಕ್ಕ ಶಾಖವು ಪಿಸ್ಟನ್ನಿನ ಉಂಗುರಗಳ ಮೂಲಕ ಸಿಲಿಂಡರಿನ ಗೋಡೆಗೂ ಅಲ್ಲಿಂದ ನೀರಿಗೂ ಹರಿದುಹೋಗುತ್ತದೆ.

ಈ ವ್ಯವಸ್ಥೆಯನ್ನು ಕೆಡಿಸುವ ವೈರಿಯೆಂದರೆ ನಾಕಿಂಗ್. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ತಲಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣವು ಒತ್ತಡಕ್ಕೂ ಶಾಖಕ್ಕೂ ತಾನಾಗಿ ಸಿಡಿಯುವುದೇ ನಾಕಿಂಗ್. ಆಗ ಟಕಟಕನೆ ಲೋಹ ಬಡಿದ ಸದ್ದಾಗುತ್ತದೆ. ಈ ಸಿಡಿತದ ಅಲೆಗಳು ಆ ತೆಳುಪದರವನ್ನು ಕಿತ್ತೊಗೆಯುತ್ತವೆ. ರಕ್ಷೆ ಹೋದ ಪಿಸ್ಟನ್ನಿಗೆ ಉರಿ ನೇರವಾಗಿ ತಗಲುತ್ತದೆ. ಇಂಧನ ಕಡಿಮೆಯಾದ ಮಿಶ್ರಣವೂ ಬೇಗ ಹಾರುವ ಕಿಡಿಯೂ ನಾಕಿಂಗನ್ನು ಹೆಚ್ಚಿಸುತ್ತವೆ. ನೈಟ್ರಸ್ ಆಕ್ಸೈಡು ಇದ್ದಾಗ ಉರಿ ವೇಗವಾಗಿ ಹಬ್ಬುವುದರಿಂದ ಕಿಡಿಯನ್ನು ಒಂದೆರಡು ಡಿಗ್ರಿ ತಡವಾಗಿ ಹಾರಿಸಬೇಕಾಗುತ್ತದೆ.

ಹಳೆಯ ಎಂಜಿನಿನ ಪರವಾಗಿ ಒಂದು ಮಾತಿದೆ. ಅದು ಗಾಳಿಯನ್ನು ಅದುಮುವ ಪ್ರಮಾಣ ಕಡಿಮೆ, ಸುಮಾರು ಏಳಕ್ಕೆ ಒಂದು. ಇದರಿಂದ ನಾಕಿಂಗಿನ ಭಯ ಸ್ವಲ್ಪ ಕಡಿಮೆ. ಎದುರಾಗಿ ಹೇಳಬೇಕಾದ ಮಾತುಗಳು ಹೆಚ್ಚು. ಅದರ ಮೊಣಕೈ ದಂಡವನ್ನು ಹೊತ್ತಿರುವುದು ಮೂರೇ ಮುಖ್ಯ ಬೇರಿಂಗುಗಳು. ಸಿಲಿಂಡರು ತಲೆಯಲ್ಲಿ ಒಂದನೆಯ ಮತ್ತು ಎರಡನೆಯ ಸಿಲಿಂಡರುಗಳಿಗೆ ಗಾಳಿ ಬರುವುದು ಒಂದೇ ಬಾಗಿಲಿನಿಂದ. ಮೂರು ನಾಲ್ಕಕ್ಕೆ ಇನ್ನೊಂದರಿಂದ. ಹೀಗೆ ಹಂಚಿಕೊಂಡು ಉಣ್ಣುವಲ್ಲಿ ನಾಲ್ವರಿಗೂ ಸಮಪಾಲು ಸಿಗದು. ಸರಾಸರಿ ಲೆಕ್ಕ ಸರಿಯಾಗಿದ್ದರೂ ಒಂದು ಸಿಲಿಂಡರಿಗೆ ಪೆಟ್ರೋಲು ಕಡಿಮೆ ಬೀಳಬಹುದು. ಕರಗುವುದು ಆ ಒಂದೇ. ಆದುದರಿಂದ ಐದನೆಯ ಒಂದು ಪಾಲು, ಅಂದರೆ ನಾವು ಹಿಡಿದ ೧೦ ಅಶ್ವಶಕ್ತಿ, ಇಂತಹ ಎಂಜಿನಿಗೆ ವಿವೇಕದ ಮಿತಿಯೆನ್ನಬಹುದು. ನಲವತ್ತು ಐವತ್ತರ ಆಸೆ ಬೇಡ.

ಜೋಡಿಸುವ ಮೊದಲು

ಎಂಜಿನಿನ ಆರೋಗ್ಯವನ್ನು ಪರೀಕ್ಷಿಸುವುದೇ ಮೊದಲ ಕೆಲಸ. ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ ಒಂದೊಂದು ಸಿಲಿಂಡರಿನ ಸಂಪೀಡನದ ಒತ್ತಡವನ್ನು ಅಳೆಯಬೇಕು. ಅವುಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚಿನ ಅಂತರವಿದ್ದರೆ ಉಂಗುರವೋ ಕವಾಟವೋ ಸವೆದಿದೆಯೆಂದು ಅರ್ಥ; ಅಂತಹ ಎಂಜಿನಿಗೆ ಈ ಪ್ರಯೋಗ ಸಲ್ಲದು. ರೇಡಿಯೇಟರು ಶುದ್ಧವಾಗಿರಬೇಕು. ಕ್ಲಚ್ಚು ಜಾರುತ್ತಿರಬಾರದು.

ಪೆಟ್ರೋಲಿನ ವಿಷಯದಲ್ಲೂ ಎಚ್ಚರ ಬೇಕು. ಈ ಎಂಜಿನುಗಳು ಸೀಸ ಬೆರೆತ ಪೆಟ್ರೋಲಿನ ಕಾಲದವು. ಭಾರತದಲ್ಲಿ ಸೀಸವುಳ್ಳ ಪೆಟ್ರೋಲು ೨೦೦೦ದಲ್ಲಿ ನಿಂತಿತು. ಸೀಸವು ಕವಾಟದ ಪೀಠಗಳನ್ನು ಸವೆಯದಂತೆ ಕಾಯುತ್ತಿತ್ತು. ಇಂದಿನ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ ೨೦ರವರೆಗೆ ಎಥನಾಲು ಇರುತ್ತದೆ. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕ ಇರುವುದರಿಂದ, ಹಳೆಯ ಜೆಟ್ಟುಗಳನ್ನು ಹಾಗೆಯೇ ಬಿಟ್ಟರೆ ಮಿಶ್ರಣದಲ್ಲಿ ಇಂಧನದ ಪಾಲು ಮೊದಲೇ ತಗ್ಗಿರುತ್ತದೆ. ಹಳೆಯ ರಬ್ಬರು ಕೊಳವೆಗಳೂ ಎಥನಾಲಿಗೆ ಮೆತ್ತಗಾಗಿ ಬಿರಿಯುತ್ತವೆ. ಆದ್ದರಿಂದ ಕಾರ್ಬ್ಯುರೇಟರನ್ನು ಸರಿಹೊಂದಿಸಿ, ಕೊಳವೆಗಳನ್ನು ಬದಲಾಯಿಸಿದ ಮೇಲೆಯೇ ಮುಂದಿನ ಮಾತು.

ಇಷ್ಟೆಲ್ಲ ಮಾಡುವಾಗ ಒಂದು ಚೋದ್ಯ ನಡೆಯುವುದುಂಟು. ಕವಾಟಗಳ ಸಂದು, ಕಿಡಿಯ ಕಾಲ, ಕಾರ್ಬ್ಯುರೇಟರು ಇವು ಸರಿಹೋದಾಗ, ಸವೆತದಿಂದ ಕಳೆದುಹೋಗಿದ್ದ ಶಕ್ತಿಯ ಬಹುಪಾಲು ಅನಿಲವಿಲ್ಲದೆಯೇ ಮರಳಿ ಬರುತ್ತದೆ. ಘಾಟಿ ಏರುವುದಷ್ಟೇ ಉದ್ದೇಶವಾಗಿದ್ದರೆ ಇಲ್ಲಿಗೆ ನಿಲ್ಲಿಸಿದವನೇ ಜಾಣ.

ಜೋಡಣೆಯ ಕ್ರಮ

ಏರ್ಪಾಡಿನ ಮುಖ್ಯ ಭಾಗಗಳು ಇವು: ಅನಿಲದ ಅಂಡೆ, ಅದರಿಂದ ಬರುವ ಉಕ್ಕಿನ ಹೆಣಿಗೆಯ ಕೊಳವೆ, ಅನಿಲಕ್ಕೊಂದು ಪೆಟ್ರೋಲಿಗೊಂದು ಹೀಗೆ ಎರಡು ಸೊಲೆನಾಯ್ಡ್ ಕವಾಟಗಳು, ಎರಡನ್ನೂ ಬೆರೆಸಿ ಸಿಂಪಡಿಸುವ ತಟ್ಟೆ, ಇವನ್ನು ಆಳುವ ವಿದ್ಯುತ್ ಸ್ವಿಚ್ಚುಗಳು. ಸೊಲೆನಾಯ್ಡ್ ಎಂದರೆ ತಂತಿಯ ಸುರುಳಿ. ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಕವಾಟವನ್ನು ಎತ್ತುತ್ತದೆ. ವಿದ್ಯುತ್ತು ನಿಂತಾಗ ಸ್ಪ್ರಿಂಗು ಅದನ್ನು ಮುಚ್ಚುತ್ತದೆ.

ಸಿಂಪಡಿಸುವ ತಟ್ಟೆಯನ್ನು ಕಾರ್ಬ್ಯುರೇಟರಿಗೂ ಅದರ ಕೆಳಗಿನ ಕವಲುಕೊಳವೆಗೂ ನಡುವೆ ಇರಿಸಬೇಕು. ಕವಲುಕೊಳವೆಯಲ್ಲಿ ತೂತು ಕೊರೆದು ನಾಸಲ್ ಕೂರಿಸುವುದೂ ಉಂಟು. ಆದರೆ ಹಳೆಯ ಕಾರಿನಲ್ಲಿ ತಟ್ಟೆಯೇ ಲೇಸು, ಏಕೆಂದರೆ ಬೇಡವಾದಾಗ ಅದನ್ನು ತೆಗೆದು ಎಂಜಿನನ್ನು ಮೊದಲಿದ್ದಂತೆ ಮಾಡಬಹುದು. ತಟ್ಟೆಯ ದಪ್ಪದಷ್ಟು ಕಾರ್ಬ್ಯುರೇಟರು ಮೇಲೇರುವುದರಿಂದ ಬಾನೆಟ್ಟು ಮುಚ್ಚುವುದೇ, ಆಕ್ಸಿಲರೇಟರಿನ ಸರಳು ಪೂರ್ತಿಯಾಗಿ ಎಳೆಯುವುದೇ ಎಂದು ನೋಡಿಕೊಳ್ಳಬೇಕು.

ಕಾರಿನ ಮೂಲ ಪೆಟ್ರೋಲ್ ಪಂಪನ್ನು ಎಂಜಿನಿನ ಕ್ಯಾಮ್ ದಂಡವೇ ನಡೆಸುತ್ತದೆ. ಅದು ಕಾರ್ಬ್ಯುರೇಟರಿಗೆ ಸಾಕಾಗುವಷ್ಟು ಮಾತ್ರ ಕೊಡಬಲ್ಲದು. ಹೆಚ್ಚಿನ ಅರ್ಧ ಗ್ರಾಮನ್ನು ಅದರ ಮೇಲೆ ಹೇರಬಾರದು. ಅದಕ್ಕೆ ಪ್ರತ್ಯೇಕವಾದ ವಿದ್ಯುತ್ ಪಂಪು, ಸೋಸುಬಲೆ, ಒತ್ತಡ ನಿಯಂತ್ರಕ ಬೇಕು. ಜೊತೆಗೆ ಒತ್ತಡವನ್ನು ಕಾಯುವ ಸ್ವಿಚ್ಚೊಂದನ್ನು ಹಾಕಿ, ಪೆಟ್ರೋಲಿನ ಒತ್ತಡ ಇಳಿದೊಡನೆ ಅನಿಲದ ಕವಾಟ ತಾನಾಗಿ ಮುಚ್ಚುವಂತೆ ಮಾಡಬೇಕು. ಪೆಟ್ರೋಲಿಲ್ಲದೆ ಅನಿಲವಿಲ್ಲ ಎಂಬುದು ಇಲ್ಲಿಯ ಮೊದಲ ನಿಯಮ.

ಎರಡನೆಯ ನಿಯಮ ವೇಗಕ್ಕೆ ಸಂಬಂಧಿಸಿದ್ದು. ಅಂಡೆಯಿಂದ ಅನಿಲವು ಸೆಕೆಂಡಿಗೆ ೪.೫ ಗ್ರಾಮಿನಂತೆ ಬರುತ್ತಿರುತ್ತದೆ. ಎಂಜಿನು ಮೆಲ್ಲಗೆ ತಿರುಗುತ್ತಿದೆಯೋ ಬೇಗ ತಿರುಗುತ್ತಿದೆಯೋ ಎಂದು ಅದು ಕೇಳುವುದಿಲ್ಲ. ೪೨೦೦ ಸುತ್ತಿನಲ್ಲಿ ಆ ೪.೫ ಗ್ರಾಮು ಎಷ್ಟು ಹೊಡೆತಗಳಿಗೆ ಹಂಚಿಹೋಗುತ್ತದೆಯೋ, ೧೫೦೦ ಸುತ್ತಿನಲ್ಲಿ ಅದರ ಮೂರನೆಯ ಒಂದಕ್ಕೆ ಸ್ವಲ್ಪ ಮಿಕ್ಕಷ್ಟು ಹೊಡೆತಗಳಿಗೆ ಹಂಚಬೇಕು. ಒಂದೊಂದು ಹೊಡೆತದ ಪಾಲು ಸುಮಾರು ಮೂರು ಪಟ್ಟಾಗುತ್ತದೆ. ಪಿಸ್ಟನ್ನಿನ ತೋಳು ಬಾಗುವುದೂ ತಲೆಯ ಗ್ಯಾಸ್ಕೆಟ್ಟು ಹಾರುವುದೂ ಹೀಗೆಯೇ. ಆದುದರಿಂದ ಎಂಜಿನು ಸುಮಾರು ೩೦೦೦ ಸುತ್ತನ್ನು ದಾಟಿದ ಮೇಲೆಯೂ, ಆಕ್ಸಿಲರೇಟರು ಪೂರ್ತಿ ಒತ್ತಿದಾಗಲೂ ಮಾತ್ರ ಕವಾಟ ತೆರೆಯುವಂತೆ ಎರಡು ಸ್ವಿಚ್ಚುಗಳನ್ನು ಸರಣಿಯಲ್ಲಿ ಜೋಡಿಸಬೇಕು. ಇವೆರಡಕ್ಕೂ ಮೇಲೆ ಚಾಲಕನ ಕೈಯಲ್ಲಿ ಮುಖ್ಯ ಸ್ವಿಚ್ಚೊಂದಿರಬೇಕು.

ವಿದ್ಯುತ್ ಜೋಡಣೆಗೆ ರಿಲೇ ಮತ್ತು ಫ್ಯೂಸು ಅವಶ್ಯ. ಹಳೆಯ ಬ್ರಿಟಿಷ್ ಮಾದರಿಯ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಕಾರಿನ ಮೈಗೆ ಜೋಡಿಸಿರುವುದುಂಟು. ಇಂದಿನ ಉಪಕರಣಗಳು ಋಣಧ್ರುವದ ಜೋಡಣೆಗೆ ತಕ್ಕಂತೆ ಮಾಡಿದವು. ಇದನ್ನು ನೋಡದೆ ತಂತಿ ಎಳೆದರೆ ಉಪಕರಣ ಸುಡುತ್ತದೆ. ಹಳೆಯ ಡೈನಮೊ ಕೊಡುವ ವಿದ್ಯುತ್ತು ಕಡಿಮೆಯಾದ್ದರಿಂದ ಬ್ಯಾಟರಿ ಗಟ್ಟಿಮುಟ್ಟಾಗಿರಬೇಕು.

ಅಂಡೆ ಮತ್ತು ಕರಾವಳಿಯ ಸೆಕೆ

ಅಂಡೆಯನ್ನು ಡಿಕ್ಕಿಯಲ್ಲಿ ಕಬ್ಬಿಣದ ಪಟ್ಟಿಗಳಿಂದ ಅಲುಗದಂತೆ ಬಿಗಿಯಬೇಕು. ಅದರೊಳಗೆ ತಳದವರೆಗೆ ಇಳಿದ ಕೊಳವೆಯೊಂದಿರುತ್ತದೆ. ಅದರ ತುದಿ ಯಾವಾಗಲೂ ದ್ರವದಲ್ಲಿ ಮುಳುಗಿರುವಂತೆ ಅಂಡೆಯ ಬಾಯಿಯನ್ನು ತಯಾರಕರು ಹೇಳಿದ ದಿಕ್ಕಿಗೆ ತುಸು ಎತ್ತಿ ಕೂರಿಸಬೇಕು. ಅಂಡೆಯ ರಕ್ಷಣಾ ಬಿಲ್ಲೆ ಒಡೆದರೆ ಅನಿಲವು ಕಾರಿನೊಳಗೆ ತುಂಬದೆ ಹೊರಕ್ಕೆ ಹೋಗುವಂತೆ ಕೊಳವೆಯಿರಬೇಕು. ಕಾರಿನೊಳಗೆ ಅನಿಲ ತುಂಬಿದರೆ ಚಾಲಕನ ಎಚ್ಚರ ತಪ್ಪುತ್ತದೆ. ಆಮ್ಲಜನಕ ಸಾಲದೆ ಪ್ರಾಣವೇ ಹೋಗಬಹುದು.

ಈ ಅನಿಲದ ಅವಧಿಕ ಉಷ್ಣತೆ ೩೬.೪ ಡಿಗ್ರಿ. ಅದಕ್ಕಿಂತ ಮೇಲೆ ಎಷ್ಟೇ ಒತ್ತಿದರೂ ಅದು ದ್ರವವಾಗಿ ನಿಲ್ಲದು. ೨೦ ಡಿಗ್ರಿಯಲ್ಲಿ ಅಂಡೆಯೊಳಗಿನ ಒತ್ತಡ ವಾಯುಭಾರದ ಸುಮಾರು ೫೦ ಪಟ್ಟು, ೩೦ ಡಿಗ್ರಿಯಲ್ಲಿ ೬೨ ಪಟ್ಟು, ೩೬.೪ರಲ್ಲಿ ಸುಮಾರು ೭೨ ಪಟ್ಟು. ಶೀತದೇಶಗಳಲ್ಲಿ ಇದನ್ನು ಬಳಸುವವರು ಒತ್ತಡ ಸಾಲದೆಂದು ಅಂಡೆಗೆ ವಿದ್ಯುತ್ ಕಂಬಳಿ ಹೊದಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ತೊಂದರೆ ತಿರುಗುಮುರುಗು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿ ೩೬ ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಆಗ ದ್ರವವೆಂಬುದೇ ಉಳಿಯದು. ಜೆಟ್ಟಿನ ರಂಧ್ರದಿಂದ ಎಷ್ಟು ಗ್ರಾಮು ಹೋಗುತ್ತದೆಂಬ ನಮ್ಮ ಲೆಕ್ಕವೆಲ್ಲ ತಪ್ಪುತ್ತದೆ. ಆದ್ದರಿಂದ ಅಂಡೆಗೆ ಒತ್ತಡಮಾಪಕವಿರಬೇಕು. ಮುಳ್ಳು ನಿಗದಿಯ ಎಲ್ಲೆಯನ್ನು ಮೀರಿದ್ದರೆ ಗುಂಡಿ ಒತ್ತಬಾರದು. ಕೆಲಸವಿಲ್ಲದಾಗ ಅಂಡೆಯನ್ನು ಬಿಚ್ಚಿ ನೆರಳಿನಲ್ಲಿಡಬೇಕು.

ನಮ್ಮ ಮೆಕ್ಯಾನಿಕ್ಕುಗಳಿಗೆ ತಿರುಪಿನ ಜೋಡಣೆಗೆಲ್ಲ ಒಂದು ಹನಿ ಎಣ್ಣೆ ಬಿಡುವ ಒಳ್ಳೆಯ ಅಭ್ಯಾಸವಿದೆ. ಇಲ್ಲಿ ಅದು ಅಪಾಯ. ಒತ್ತಡದಲ್ಲಿರುವ ಈ ಅನಿಲವು ಎಣ್ಣೆ ಗ್ರೀಸುಗಳೊಡನೆ ಸೇರಿ ಹೊತ್ತಿಕೊಳ್ಳಬಹುದು. ಅಂಡೆಯು ೨೦೧೬ರ ಅನಿಲ ಸಿಲಿಂಡರು ನಿಯಮಗಳಂತೆ ಒಪ್ಪಿಗೆ ಪಡೆದದ್ದಾಗಿರಬೇಕು; ಪರವಾನಗಿಯುಳ್ಳವರಲ್ಲದೆ ಬೇರೆಯವರು ಅದನ್ನು ತುಂಬಬಾರದು. ರೋಗಿಗಳಿಗೆಂದು ಬಂದ ಅನಿಲವನ್ನು ಕಾರಿಗೆ ತಿರುಗಿಸುವುದು ಸರ್ವಥಾ ಕೂಡದು. ಅಮೆರಿಕದಲ್ಲಿ ಮೋಟಾರುಗಳಿಗೆ ಮಾರುವ ನೈಟ್ರಸ್ ಆಕ್ಸೈಡಿಗೆ, ಯಾರೂ ಅದನ್ನು ಅಮಲಿಗಾಗಿ ಸೇದದಿರಲೆಂದು, ಘಾಟುವಾಸನೆಯ ಗಂಧಕದ ಡೈಆಕ್ಸೈಡನ್ನು ಸ್ವಲ್ಪ ಬೆರೆಸುತ್ತಾರೆ. ಪದೇ ಪದೇ ಸೇದುವವರ ದೇಹದಲ್ಲಿ ಬಿ-೧೨ ಜೀವಸತ್ವವು ನಿಷ್ಫಲವಾಗಿ ನರಗಳು ಕೆಡುತ್ತವೆ. ನಗೆಯನಿಲವೆಂಬ ಹೆಸರಿಗೆ ಮರುಳಾಗಬಾರದು.

ಮೊದಲ ಪರೀಕ್ಷೆ

ಎಲ್ಲವೂ ಸಿದ್ಧವಾದ ಮೇಲೆ ಅಂಡೆಯ ಬಾಯಿಯನ್ನು ಮುಚ್ಚಿಟ್ಟೇ, ಎಂಜಿನನ್ನು ನಿಲ್ಲಿಸಿ, ಪೆಟ್ರೋಲಿನ ಭಾಗವನ್ನು ಮಾತ್ರ ಪರೀಕ್ಷಿಸಬೇಕು. ಜೆಟ್ಟಿನ ಕೊಳವೆಯನ್ನು ಅಳತೆಯ ಪಾತ್ರೆಗೆ ಬಿಟ್ಟು, ನಿಮಿಷಕ್ಕೆ ಎಷ್ಟು ಪೆಟ್ರೋಲು ಬೀಳುತ್ತದೆಂದು ತೂಗಬೇಕು. ನಮ್ಮ ಲೆಕ್ಕದಂತೆ ೩೦ ಗ್ರಾಮಿಗೆ ಕಡಿಮೆಯಾಗಬಾರದು. ಬೆಂಕಿಯ ಸುಳಿವಿಲ್ಲದ ಬಯಲಿನಲ್ಲಿಯೇ ಈ ಕೆಲಸವನ್ನು ಮಾಡಬೇಕು. ಆಮೇಲೆ ಕಿಡಿಯನ್ನು ಒಂದೆರಡು ಡಿಗ್ರಿ ಹಿಂದಕ್ಕೆ ಸರಿಸಿ, ಶಾಖವನ್ನು ಬೇಗ ಬಿಟ್ಟುಕೊಡುವ ಒಂದು ದರ್ಜೆ ತಣ್ಣನೆಯ ಪ್ಲಗ್ಗುಗಳನ್ನು ಹಾಕಬೇಕು. ಅನಂತರ ಪಂದ್ಯದ ಹಾದಿಯಲ್ಲಿ, ಮೂರನೆಯ ಗೇರಿನಲ್ಲಿ, ಮೂರು ಸೆಕೆಂಡಿನ ಕಾಲ ಮಾತ್ರ ಅನಿಲವನ್ನು ಬಿಟ್ಟು ಎಂಜಿನನ್ನು ಕೂಡಲೇ ನಿಲ್ಲಿಸಿ ಪ್ಲಗ್ಗುಗಳನ್ನು ಬಿಚ್ಚಿ ನೋಡಬೇಕು. ಪಿಂಗಾಣಿಯು ಸುಣ್ಣದಂತೆ ಬೆಳ್ಳಗಾಗಿದ್ದರೆ ಪೆಟ್ರೋಲು ಸಾಲದು. ಅದರ ಮೇಲೆ ಹೊಳೆಯುವ ಸಣ್ಣ ಕಣಗಳು ಕಂಡರೆ ಅವು 
ಪಿಸ್ಟನ್ನಿನಿಂದ ಹಾರಿದ ಅಲ್ಯುಮಿನಿಯಮ್ಮು. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಬೇಕು. ನಾಲ್ಕು ಪ್ಲಗ್ಗುಗಳೂ ಒಂದೇ ಬಣ್ಣವಾಗಿದ್ದರೆ ಹಂಚಿಕೆ ಸರಿಯಾಗಿದೆ.

ಪಂದ್ಯದ ಹಾದಿಯೆಂದು ಒತ್ತಿ ಹೇಳಲು ಕಾರಣವಿದೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಕಲಮಿನಂತೆ, ತಯಾರಕರು ಹೇಳಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಒಡೆಯನು ವಾಹನವನ್ನು ಮಾರ್ಪಡಿಸುವಂತಿಲ್ಲ. ಐವತ್ತು ವರ್ಷ ದಾಟಿದ ಕಾರುಗಳಿಗೆಂದು ೨೦೨೧ರಲ್ಲಿ ಬಂದ ನಿಯಮಗಳು, ಅವು ಮೂಲರೂಪದಲ್ಲಿಯೇ ಇದ್ದರೆ ಮಾತ್ರ ಪ್ರತ್ಯೇಕ ನೋಂದಣಿಯನ್ನು ಕೊಡುತ್ತವೆ. ಚಾರ್ಮಾಡಿಯ ತಿರುವು ಪ್ರಯೋಗಶಾಲೆಯಲ್ಲ. ಅಲ್ಲಿ ಬಸ್ಸುಗಳೂ ಲಾರಿಗಳೂ ಮನೆಮಂದಿಯ ಕಾರುಗಳೂ ಓಡಾಡುತ್ತವೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲಿಯೂ ಕೊಯಮತ್ತೂರಿನಲ್ಲಿಯೂ ಪಂದ್ಯಕ್ಕೆಂದೇ ಮಾಡಿದ ಹಾದಿಗಳಿವೆ. ಈ ಬಗೆಯ ಪರೀಕ್ಷೆಗೆ ತಕ್ಕ ಸ್ಥಳ ಅಂತಹವು.

ಅಳದಂಗಡಿಯಿರುವ ಬೆಳ್ತಂಗಡಿ ತಾಲ್ಲೂಕಿನಲ್ಲಿಯೇ, ಧರ್ಮಸ್ಥಳದಲ್ಲಿ, ಹಳೆಯ ಕಾರುಗಳ ದೊಡ್ಡ ಸಂಗ್ರಹಾಲಯವೊಂದಿದೆ. ಅಲ್ಲಿಗೆ ಹೋದಾಗ ಕಾರುಗಳ ಹೊರಮೈಯ ಹೊಳಪನ್ನಷ್ಟೇ ನೋಡಿ ಬರಬೇಡಿ. ಒಂದೊಂದು ಎಂಜಿನೂ ತನ್ನ ಕಾಲದ ಲೋಹ, ಇಂಧನ, ರಸ್ತೆಗಳನ್ನು ಲೆಕ್ಕ ಹಾಕಿ ಯಾರೋ ಒಬ್ಬ ಎಂಜಿನಿಯರನು ನಿಗದಿಮಾಡಿದ ಒಂದು ಸಮತೋಲ. ಆ ಲೆಕ್ಕ ತಿಳಿದವನು ಅದರ ಒಂದು ಪದವನ್ನು ಬದಲಾಯಿಸಿದಾಗ ಉಳಿದ ಪದಗಳನ್ನೂ ಬದಲಾಯಿಸುತ್ತಾನೆ. ತಿಳಿಯದವನು ಗುಂಡಿ ಒತ್ತುತ್ತಾನೆ. ಮೊಮ್ಮಗನಿಗೆ ನಾವು ಹೇಳಬಹುದಾದ ಮಾತು ಇಷ್ಟೇ: ಅಜ್ಜನ ಎಂಜಿನನ್ನು ಶುದ್ಧಮಾಡಿ, ಹದಗೊಳಿಸಿ, ಹಾಗೆಯೇ ಉಳಿಸಿಕೊ. ಪ್ರಯೋಗದ ಹಂಬಲವಿದ್ದರೆ ಗುಜರಿಯಲ್ಲಿ ಸಿಕ್ಕುವ ಅದೇ ಜಾತಿಯ ಇನ್ನೊಂದು ಎಂಜಿನನ್ನು ತಂದು ಅದರ ಮೇಲೆ ಕಲಿ. ಒಂದು ಪಿಸ್ಟನ್ನು ಹೋದರೂ ಪಾಠ ಉಳಿಯುತ್ತದೆ. ಅಜ್ಜನ ಕಾರೂ ಉಳಿಯುತ್ತದೆ.

ಅಭ್ಯಾಸಕ್ಕಾಗಿ

೧. ಫಿಯಟ್ ೧೧೦೦ ಕಾರಿನ ಎಂಜಿನಿನ ಗಾತ್ರ ೧೦೮೯ ಘನ ಸೆಂಟಿಮೀಟರು. ನಿಮಿಷಕ್ಕೆ ೪೮೦೦ ಸುತ್ತಿನಲ್ಲಿ, ಸಿಲಿಂಡರು ನೂರಕ್ಕೆ ೭೫ರಷ್ಟು ತುಂಬುವುದಾದರೆ, ಅದು ಸೆಕೆಂಡಿಗೆ ಎಷ್ಟು ಗ್ರಾಮು ಆಮ್ಲಜನಕವನ್ನು ಸೇದುತ್ತದೆ?

೨. ಸಾವಿರ ಮೀಟರು ಎತ್ತರದಲ್ಲಿ ಅಂಬಾಸಿಡರಿನ ಎಂಜಿನಿಗೆ ನೂರಕ್ಕೆ ೯ರಷ್ಟು ಆಮ್ಲಜನಕ ಕಡಿಮೆಯಾಗುತ್ತದೆ. ಆ ಕೊರತೆಯನ್ನು ಮಾತ್ರ ತುಂಬಲು, ಅಣು ಒಡೆಯುವ ಶಾಖವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಸೆಕೆಂಡಿಗೆ ಎಷ್ಟು ಗ್ರಾಮು ನೈಟ್ರಸ್ ಆಕ್ಸೈಡು ಬೇಕು?

೩. ನಾಲ್ಕೂವರೆ ಕಿಲೋಗ್ರಾಮು ಅನಿಲವಿರುವ ಅಂಡೆಯು ೧೦ ಅಶ್ವಶಕ್ತಿಗೆ ಎಷ್ಟು ಹೊತ್ತು ಬಂದೀತು? ಅನಿಲ ಹೊರಬೀಳುತ್ತಿರುವಾಗ ಅಂಡೆ ತಣ್ಣಗಾಗುವುದರಿಂದ ಈ ಲೆಕ್ಕ ಹೇಗೆ ತಪ್ಪುತ್ತದೆ?

ಉತ್ತರಗಳು: ೧. ಸುಮಾರು ೮.೭ ಗ್ರಾಮು. ೨. ಸುಮಾರು ೨.೬ ಗ್ರಾಮು. ೩. ಸಾವಿರ ಸೆಕೆಂಡು, ಅಂದರೆ ೧೬ ನಿಮಿಷಕ್ಕೆ ತುಸು ಹೆಚ್ಚು. ಆದರೆ ಅಂಡೆ ತಣ್ಣಗಾದಂತೆ ಒತ್ತಡ ಇಳಿದು, ಸೆಕೆಂಡಿಗೆ ಬರುವ ಅನಿಲವೂ ಅದರೊಡನೆ ಶಕ್ತಿಯೂ ಕುಗ್ಗುತ್ತವೆ.